ಪರೀಕ್ಷೆಗೊಂದು ಹೊಗೆ, ರಸ್ತೆಗೊಂದು ಹೊಗೆ

ಕಾರು ಕೊಳ್ಳಲು ಹೋದವರು ಎಆರ್‌ಎಐ ಮೈಲೇಜ್ ಎಷ್ಟೆಂದು ಕೇಳುತ್ತಾರೆ, ಕೇಳಿದ ಮೇಲೆ ಮನಸ್ಸಿನಲ್ಲೇ ನಾಲ್ಕೈದು ಕಿಲೋಮೀಟರ್ ಕಳೆಯುತ್ತಾರೆ. ಕಾಗದದ ಮೈಲೇಜು ರಸ್ತೆಯಲ್ಲಿ ಸಿಗದು ಎಂಬುದು ಎಲ್ಲರಿಗೂ ಗೊತ್ತು. ಅದೇ ಕಾರಿನ ಹೊಗೆಗೆ ಮಾತ್ರ ಇಂಥ ಲೆಕ್ಕ ಯಾರೂ ಹಾಕುವುದಿಲ್ಲ. ಪೆಟ್ರೋಲಿನ ದುಡ್ಡು ನಮ್ಮ ಜೇಬಿನಿಂದ ಹೋಗುತ್ತದೆ, ಹೊಗೆ ಹಿಂದೆ ಬರುವವರ ಮೂಗಿಗೆ ಹೋಗುತ್ತದೆ. ಪರೀಕ್ಷೆಯ ಹೊಗೆಗೂ ರಸ್ತೆಯ ಹೊಗೆಗೂ ಇರುವ ಅಂತರ ಬಯಲಾಗಲು ಅಷ್ಟು ಕಾಲ ಹಿಡಿದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಹೊಗೆಗೆ ಲಗಾಮು ಹಾಕಬೇಕೆಂಬ ಮಾತು ಬಲವಾದದ್ದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಕಣ್ಣುರಿಸುತ್ತಿದ್ದ ಮಬ್ಬಿಗೆ ಕಾರುಗಳು ಉಗುಳುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಬೆರೆತು ಬದಲಾಗುವುದೇ ಕಾರಣವೆಂದು ಕ್ಯಾಲ್‌ಟೆಕ್‌ನ ಏರಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮಿತಿ ಹಾಕಿದ ಮೇಲೆ ಅಳೆಯಬೇಕಲ್ಲ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಗೆರೆಯಂತೆ ಓಡಿಸಿ, ಹೊಗೆಯನ್ನು ಚೀಲದಲ್ಲಿ ಹಿಡಿಯುವ ಪದ್ಧತಿ ಬಂತು. ಎಲ್ಲ ಕಾರಿಗೂ ಒಂದೇ ಅಳತೆಗೋಲು ಬೇಕೆಂಬ ನ್ಯಾಯವಾದ ಆಸೆ ಅದರ ಹಿಂದಿತ್ತು. ಅಮೆರಿಕದವರು 1972ರಲ್ಲಿ ತಂದ ವೇಗದ ಗೆರೆ ಲಾಸ್ ಏಂಜಲೀಸ್‌ನ ನಿಜವಾದ ಓಡಾಟವನ್ನು ಆಧರಿಸಿದ್ದು.

ಯುರೋಪಿನದು ಹಾಗಲ್ಲ. ಎನ್‌ಇಡಿಸಿ ಎಂಬ ಅಲ್ಲಿನ ಪರೀಕ್ಷಾ ಚಕ್ರವನ್ನು ಸ್ಕೇಲ್ ಇಟ್ಟು ಎಳೆದಂತಿತ್ತು: 1180 ಸೆಕೆಂಡ್, ಸುಮಾರು 11 ಕಿಲೋಮೀಟರ್. ಅದರಲ್ಲಿ ನಿಂತಲ್ಲಿಂದ 50 ಕಿ.ಮೀ. ವೇಗ ಮುಟ್ಟಲು 26 ಸೆಕೆಂಡ್. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಯಾರಾದರೂ ಹೀಗೆ ಹೊರಟರೆ ಹಿಂದಿನವರು ಹಾರ್ನ್ ಮೇಲಿಂದ ಕೈ ತೆಗೆಯುವುದಿಲ್ಲ. ನಮ್ಮ ದೇಶ ಇದೇ ಚಕ್ರವನ್ನು ತೆಗೆದುಕೊಂಡು, ಗರಿಷ್ಠ ವೇಗವನ್ನು 120ರಿಂದ 90ಕ್ಕೆ ಇಳಿಸಿ ತನ್ನದಾಗಿಸಿಕೊಂಡಿತು.

ಪ್ರಶ್ನೆಪತ್ರಿಕೆ ವರ್ಷಗಟ್ಟಲೆ ಬದಲಾಗದಿದ್ದರೆ ಅದಕ್ಕಷ್ಟೇ ಓದಿಕೊಳ್ಳುವವರು ಇದ್ದೇ ಇರುತ್ತಾರೆ. 1995ರಲ್ಲಿ ಜನರಲ್ ಮೋಟರ್ಸ್ ಸುಮಾರು 4.7 ಲಕ್ಷ ಕ್ಯಾಡಿಲಾಕ್ ಕಾರುಗಳ ವಿಷಯದಲ್ಲಿ ದಂಡ ಕಟ್ಟಿತು. ಅಂದಿನ ಪರೀಕ್ಷೆಯಲ್ಲಿ ಎ.ಸಿ. ಹಾಕುತ್ತಿರಲಿಲ್ಲ, ಆ ಕಾರುಗಳು ಎ.ಸಿ. ಹಾಕಿದಾಗಲೇ ಮಿತಿ ಮೀರಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿದ್ದವು. 1998ರಲ್ಲಿ ಲಾರಿ ಎಂಜಿನ್ ತಯಾರಿಸುವ ಏಳು ಕಂಪನಿಗಳು ಅಮೆರಿಕ ಸರ್ಕಾರದ ಜೊತೆ ಸುಮಾರು ನೂರು ಕೋಟಿ ಡಾಲರಿನ ಒಪ್ಪಂದಕ್ಕೆ ಬಂದವು. ಅವುಗಳ ಎಂಜಿನ್‌ಗಳು ಪರೀಕ್ಷೆಯಲ್ಲಿ ಸಭ್ಯವಾಗಿದ್ದು, ಹೆದ್ದಾರಿಯಲ್ಲಿ ಡೀಸೆಲ್ ಉಳಿಸುವ ಹದಕ್ಕೆ ಜಾರಿ ನೈಟ್ರೋಜನ್ ಆಕ್ಸೈಡನ್ನು ಹೇರಳವಾಗಿ ಬಿಡುತ್ತಿದ್ದವು. ಮುಂದೆ ಜಗತ್ತು ಬೆರಗಾಗಿ ನೋಡಿದ ಫೋಕ್ಸ್‌ವ್ಯಾಗನ್ ಹಗರಣದ ವಿದ್ಯೆಯೆಲ್ಲ ಆಗಲೇ ಜಾಹೀರಾಗಿತ್ತು. ಯುರೋಪ್ ಅದನ್ನು ಓದಿಕೊಳ್ಳಲಿಲ್ಲ.

ಅಳೆಯುವವರು ಪ್ರಯೋಗಾಲಯದಿಂದ ಹೊರಬಿದ್ದದ್ದು ಎರಡು ದಾರಿಯಲ್ಲಿ. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ 1980ರ ದಶಕದ ಕೊನೆಯಲ್ಲಿ ರಸ್ತೆಗೆ ಅಡ್ಡಲಾಗಿ ಅವಕೆಂಪು ಕಿರಣ ಹಾಯಿಸಿ, ಹಾದುಹೋಗುವ ಪ್ರತಿ ಕಾರಿನ ಹೊಗೆಯನ್ನು ಅರೆಕ್ಷಣದಲ್ಲಿ ಓದುವ ಉಪಕರಣ ಕಟ್ಟಿದರು. ಮಾಲಿನ್ಯದ ದೊಡ್ಡ ಪಾಲು ಕೆಲವೇ ಕೆಟ್ಟ ಕಾರುಗಳಿಂದ ಬರುತ್ತದೆ ಎಂಬುದು ಆಗ ಕಣ್ಣಿಗೆ ಬಿತ್ತು. ಇನ್ನೊಂದು ದಾರಿ ಪೆಮ್ಸ್: ಅಳೆಯುವ ಪೆಟ್ಟಿಗೆಯನ್ನೇ ಡಿಕ್ಕಿಗೆ ಹೇರಿ, ಸೈಲೆನ್ಸರ್ ಬಾಯಿಗೆ ಕೊಳವೆ ಸಿಕ್ಕಿಸಿ ಕಾರನ್ನು ಊರೆಲ್ಲ ಓಡಿಸುವುದು. ಇಟಲಿಯ ಇಸ್ಪ್ರಾದಲ್ಲಿರುವ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ 2011ರಲ್ಲೇ ಹೀಗೆ ಅಳೆದು, ಡೀಸೆಲ್ ಕಾರುಗಳು ರಸ್ತೆಯಲ್ಲಿ ಮಿತಿಯನ್ನು ಹಲವು ಪಟ್ಟು ಮೀರುತ್ತಿವೆ ಎಂದು ವರದಿ ಕೊಟ್ಟಿತ್ತು. ವರದಿ ಬಂತು, ಕಾರುಗಳ ಮಾರಾಟವೂ ನಡೆಯಿತು.

ಡೀಸೆಲ್ಲೇ ಏಕೆ? ಅದರ ಎಂಜಿನ್ ಹೆಚ್ಚಿನ ಗಾಳಿಯಲ್ಲಿ, ಹೆಚ್ಚಿನ ಬಿಸಿಯಲ್ಲಿ ಇಂಧನ ಉರಿಸುತ್ತದೆ. ಮೈಲೇಜ್ ಚೆನ್ನ, ನೈಟ್ರೋಜನ್ ಆಕ್ಸೈಡ್ ವಿಪರೀತ. ಅದನ್ನು ತಗ್ಗಿಸಲು ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸಿದರೆ ಮಸಿ ಹೆಚ್ಚಿ ಫಿಲ್ಟರ್ ಬೇಗ ಕಟ್ಟುತ್ತದೆ. ಯೂರಿಯಾ ದ್ರಾವಣ ಸಿಂಪಡಿಸಿದರೆ ಅದರ ಟ್ಯಾಂಕ್ ತುಂಬಿಸುತ್ತಿರಬೇಕು. ಹೊಗೆ ಶುದ್ಧಿಗೆ ಪ್ರತಿ ಕಿಲೋಮೀಟರಿಗೂ ಖರ್ಚಿದೆ. ಪರೀಕ್ಷೆ ನಡೆಯುವಾಗ ಮಾತ್ರ ಆ ಖರ್ಚು ಮಾಡಿ ಉಳಿದಂತೆ ಕೈಬಿಡುವ ಆಮಿಷ ಹುಟ್ಟುವುದು ಇಲ್ಲಿ.

ಹಗರಣ ಹೊರಬಂದ ಬಗೆ ವಿಚಿತ್ರವಾದದ್ದು. ಅಮೆರಿಕದ ನಿಯಮ ಕಟ್ಟುನಿಟ್ಟಾದ್ದರಿಂದ ಅಲ್ಲಿ ಮಾರುವ ಡೀಸೆಲ್ ಕಾರುಗಳು ಶುದ್ಧವಾಗಿಯೇ ಇರುತ್ತವೆ, ಅದನ್ನು ತೋರಿಸಿ ಯುರೋಪನ್ನು ಎಚ್ಚರಿಸೋಣ ಎಂದು ಐಸಿಸಿಟಿ ಎಂಬ ಸಂಸ್ಥೆ ಹೊರಟಿತು. ಅದಕ್ಕಾಗಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯಾನ್ ಕಾರ್ಡರ್ ಅವರ ತಂಡ ಮೂರು ಕಾರುಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಓಡಿಸಿತು; ಒಂದನ್ನು ಸಿಯಾಟಲ್‌ವರೆಗೂ ಒಯ್ದಿತು. ಬಿಎಂಡಬ್ಲ್ಯು ಬಹುಮಟ್ಟಿಗೆ ಮಿತಿಯೊಳಗಿತ್ತು. ಫೋಕ್ಸ್‌ವ್ಯಾಗನ್ ಜೆಟ್ಟಾ ಮಿತಿಯ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಟ್ಟವು. 2014ರಲ್ಲಿ ಬಂದ ಈ ವರದಿಯನ್ನು ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕೈಬಿಡಲಿಲ್ಲ. ಕಂಪನಿ ತಾಂತ್ರಿಕ ಸಬೂಬು ಹೇಳಿತು, ಕಾರುಗಳನ್ನು ಕರೆಸಿ ಸಾಫ್ಟ್‌ವೇರ್ ತಿದ್ದಿತು, ಅಂತರ ಕರಗಲಿಲ್ಲ. ಮುಂದಿನ ವರ್ಷದ ಮಾದರಿಗಳಿಗೆ ಪರವಾನಗಿ ಕೊಡುವುದಿಲ್ಲ ಎಂದಾಗ ಬಾಯಿಬಿಟ್ಟಿತು. ಸ್ಟಿಯರಿಂಗ್ ತಿರುಗುತ್ತಿದೆಯೇ, ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಎಂಬುದನ್ನೆಲ್ಲ ನೋಡಿ, ತಾನು ರೋಲರ್ ಮೇಲಿದ್ದೇನೆಂದು ಕಾರಿನ ಸಾಫ್ಟ್‌ವೇರ್ ಪತ್ತೆಮಾಡುತ್ತಿತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರದ ನೋಟಿಸ್ ಹೊರಬಿತ್ತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ.

ಫೋಕ್ಸ್‌ವ್ಯಾಗನ್ ಒಂದನ್ನೇ ಬೈದು ಮುಗಿಸುವುದು ಸುಲಭ, ಸರಿಯಲ್ಲ. ಮರುವರ್ಷ ಬ್ರಿಟನ್, ಜರ್ಮನಿ, ಫ್ರಾನ್ಸ್ ತಮ್ಮಲ್ಲಿನ ಕಾರುಗಳನ್ನು ರಸ್ತೆಯಲ್ಲಿ ಪರೀಕ್ಷಿಸಿದಾಗ ಬಹುತೇಕ ಕಂಪನಿಗಳ ಡೀಸೆಲ್ ಕಾರುಗಳು ಮಿತಿ ಮೀರಿದ್ದವು. ಚಳಿಯಲ್ಲಿ ಎಂಜಿನ್ ಕಾಪಾಡುವ ನೆಪದಲ್ಲಿ ಹಲವು ಕಂಪನಿಗಳು ಹೊಗೆ ಶುದ್ಧಿಯನ್ನು ತಗ್ಗಿಸುತ್ತಿದ್ದವು. ಹೊರಗಿನ ತಾಪ 15ರಿಂದ 33 ಡಿಗ್ರಿಯ ಒಳಗಿದ್ದರಷ್ಟೇ ಪೂರ್ತಿ ಕೆಲಸ ಮಾಡುವಂಥ ವ್ಯವಸ್ಥೆಯನ್ನು ಯುರೋಪಿನ ನ್ಯಾಯಾಲಯ 2022ರಲ್ಲಿ ವಂಚನೆಯ ಸಾಧನವೆಂದೇ ಕರೆಯಿತು. ಇಂಧನದ ಲೆಕ್ಕದಲ್ಲಂತೂ ಕಾನೂನು ಮುರಿಯುವ ಅಗತ್ಯವೂ ಇರಲಿಲ್ಲ. ಟಯರಿಗೆ ಹೆಚ್ಚು ಗಾಳಿ, ಬಾಗಿಲ ಸಂದಿಗೆ ಟೇಪು, ಮೊದಲೇ ಪೂರ್ತಿ ಚಾರ್ಜ್ ಆದ ಬ್ಯಾಟರಿ: ಎಲ್ಲಕ್ಕೂ ನಿಯಮದಲ್ಲಿ ಸಂದು ಇತ್ತು. ಕಾಗದಕ್ಕೂ ರಸ್ತೆಗೂ ಇದ್ದ ಅಂತರ 2001ರಲ್ಲಿ ಶೇ 8ರ ಆಸುಪಾಸಿನಲ್ಲಿದ್ದದ್ದು 2015ರ ಹೊತ್ತಿಗೆ ಶೇ 40ರಷ್ಟಾಗಿತ್ತೆಂದು ಐಸಿಸಿಟಿ ಲೆಕ್ಕ ಹಾಕಿತು.

2017ರ ಸೆಪ್ಟೆಂಬರಿನಲ್ಲಿ ಯುರೋಪ್ ಹಳೆಯ ಚಕ್ರದ ಬದಲು 1800 ಸೆಕೆಂಡಿನ ಡಬ್ಲ್ಯುಎಲ್‌ಟಿಪಿಯನ್ನೂ, ಪೆಮ್ಸ್ ಹೊತ್ತು ಓಡುವ ಆರ್‌ಡಿಇ ಪರೀಕ್ಷೆಯನ್ನೂ ತಂದಿತು. ಮೊದಲಿಗೆ ರಸ್ತೆಯಲ್ಲಿ ಮಿತಿಯ 2.1 ಪಟ್ಟಿಗೆ ರಿಯಾಯಿತಿ ಇತ್ತು, ಆಮೇಲೆ ಬಿಗಿಯಾಯಿತು. ಡೀಸೆಲ್ ಕಾರುಗಳು ನಿಜಕ್ಕೂ ಶುದ್ಧವಾದದ್ದು ಇದರ ನಂತರವೇ. 2021ರಿಂದ ಹೊಸ ಕಾರುಗಳೇ ತಮ್ಮ ಇಂಧನದ ಲೆಕ್ಕ ಇಡುತ್ತಿವೆ. ಆ ಲೆಕ್ಕದ ಮೊದಲ ಕಂತು 2024ರಲ್ಲಿ ಪ್ರಕಟವಾಯಿತು: ಪೆಟ್ರೋಲ್, ಡೀಸೆಲ್ ಕಾರುಗಳು ಕಾಗದಕ್ಕಿಂತ ಸುಮಾರು ಶೇ 20ರಷ್ಟು ಹೆಚ್ಚು ಕಾರ್ಬನ್ ಡೈ ಆಕ್ಸೈಡ್ ಬಿಡುತ್ತಿದ್ದರೆ, ಪ್ಲಗ್-ಇನ್ ಹೈಬ್ರಿಡ್‌ಗಳು ಮೂರೂವರೆ ಪಟ್ಟು ಬಿಡುತ್ತಿದ್ದವು. ಚಾರ್ಜ್ ಮಾಡದೆ ಪೆಟ್ರೋಲಿನಲ್ಲೇ ಓಡಿಸುವುದು ಇಷ್ಟೊಂದು ಇರುತ್ತದೆಂದು ಪರೀಕ್ಷೆ ಊಹಿಸಿರಲಿಲ್ಲ.

ನಮ್ಮಲ್ಲಿ ಇಂಥದ್ದು ಫೋಕ್ಸ್‌ವ್ಯಾಗನ್‌ಗಿಂತ ಮೊದಲೇ ಬೆಳಕಿಗೆ ಬಂದಿತ್ತು. 2013ರಲ್ಲಿ ಜನರಲ್ ಮೋಟರ್ಸ್‌ನ ಭಾರತೀಯ ಕಂಪನಿ 1.14 ಲಕ್ಷ ಟವೇರಾ ವಾಹನಗಳನ್ನು ವಾಪಸು ಕರೆಸಿತು; ಹೊಗೆ ಪರೀಕ್ಷೆಗೆ ಸಂಬಂಧಿಸಿ ನಿಯಮ ಮುರಿದ ನೌಕರರನ್ನು ತೆಗೆದುಹಾಕಿತು. ಫೋಕ್ಸ್‌ವ್ಯಾಗನ್ ಸುಮಾರು 3.2 ಲಕ್ಷ ಕಾರುಗಳನ್ನು ಕರೆಸಿತು. ಹಸಿರು ನ್ಯಾಯಮಂಡಳಿ 2019ರಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಹೊಗೆಗೆ ಬಿಎಸ್ 6 ನಿಯಮ ಬಂದದ್ದು 2020ರ ಏಪ್ರಿಲ್‌ನಲ್ಲಿ, ರಸ್ತೆ ಪರೀಕ್ಷೆ 2023ರ ಏಪ್ರಿಲ್‌ನಲ್ಲಿ. ದೆಹಲಿ, ಗುರುಗ್ರಾಮಗಳಲ್ಲಿ ಲಕ್ಷಕ್ಕೂ ಹೆಚ್ಚು ವಾಹನಗಳ ಹೊಗೆಯನ್ನು ಕಿರಣ ಹಾಯಿಸಿ ಓದಿದಾಗ, ಬಿಎಸ್ 6ರಲ್ಲೂ ಬಾಡಿಗೆ ವಾಹನಗಳು ಸ್ವಂತದ ಕಾರುಗಳಿಗಿಂತ ಹೆಚ್ಚು ಹೊಗೆ ಬಿಡುವುದು ಕಂಡಿತು.

ಇಷ್ಟಾದರೂ ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಹಾಗೆಯೇ ಉಳಿದಿದೆ. ನಿಂತ ಪೆಟ್ರೋಲ್ ಗಾಡಿಯ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಗಾಡಿಯ ಹೊಗೆಯ ದಟ್ಟಣೆ, ಅಷ್ಟೇ. ಇಷ್ಟೆಲ್ಲ ದಂಡ, ರಾಜೀನಾಮೆ, ಜೈಲುಗಳಿಗೆ ಕಾರಣವಾದ ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಸಾರಿಗೆ ಇಲಾಖೆ ಮೊದಲು ಮಾಡಬೇಕಾದದ್ದು ಎರಡು: ಬೆಂಗಳೂರಿನ ರಸ್ತೆಗಳಿಗೂ ಆ ಕಿರಣದ ಉಪಕರಣ ತರಿಸುವುದು, ಸಿಕ್ಕ ಅಂಕಿಗಳನ್ನು ಯಾವ ಕಂಪನಿಯ ಯಾವ ಮಾದರಿ ಎಂಬ ಹೆಸರಿನ ಸಮೇತ ಜನರ ಮುಂದಿಡುವುದು.