ವಿಷಮಶೀತ ಜ್ವರದ ಬ್ಯಾಕ್ಟೀರಿಯಾದಲ್ಲಿ ಔಷಧ ನಿರೋಧಕತೆ

ಟೈಫಾಯ್ಡ್ ಎಂದೇ ಹೆಚ್ಚು ಪರಿಚಿತವಾದ ವಿಷಮಶೀತ ಜ್ವರಕ್ಕೆ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ ಕಾರಣ. ಮನುಷ್ಯರಲ್ಲಷ್ಟೇ ನೆಲೆಸುವ ಇದು ಮಲಿನ ನೀರು ಮತ್ತು ಆಹಾರದಿಂದ ಹರಡುತ್ತದೆ. ಯಾವ ಕಾಲದಲ್ಲಿ ಯಾವ ಔಷಧವನ್ನು ಹೇರಳವಾಗಿ ಕೊಟ್ಟರೋ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಈ ಜೀವಿ ಔಷಧಗಳಿಗೆ ಬಗ್ಗದಂತಾಗಿದೆ.

1948ರಲ್ಲಿ ಬಂದ ಕ್ಲೋರಾಂಫೆನಿಕಾಲ್ ಈ ಜ್ವರದ ಸಾವುಗಳನ್ನು ಬಹಳವಾಗಿ ತಗ್ಗಿಸಿತು. 1972ರಲ್ಲಿ ಮೆಕ್ಸಿಕೊದಲ್ಲೂ ಕೇರಳದ ಕಲ್ಲಿಕೋಟೆಯಲ್ಲೂ ಅದಕ್ಕೆ ಜಗ್ಗದ ತಳಿಗಳು ಕಾಣಿಸಿಕೊಂಡವು. 1980ರ ದಶಕದ ಕೊನೆಗೆ ಆಂಪಿಸಿಲಿನ್ ಮತ್ತು ಕೋ-ಟ್ರೈಮಾಕ್ಸಜೋಲ್ ಕೂಡ ಕೈಕೊಟ್ಟವು. ಈ ಮೂರಕ್ಕೂ ನಿರೋಧ ತರುವ ಜೀನುಗಳು ಸಾಮಾನ್ಯವಾಗಿ ಒಂದೇ ಪ್ಲಾಸ್ಮಿಡ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾಗಳ ನಡುವೆ ಕೈಬದಲಾಗಬಲ್ಲ ಡಿಎನ್ಎ ಉಂಗುರದಲ್ಲಿ ಇದ್ದವು. ಹಾಗಾಗಿ ಒಂದನ್ನು ಬಳಸಿದರೂ ಮೂರಕ್ಕೂ ನಿರೋಧ ಉಳಿದುಕೊಳ್ಳುತ್ತಿತ್ತು.

ಅವುಗಳ ಜಾಗಕ್ಕೆ ಬಂದ ಸಿಪ್ರೊಫ್ಲಾಕ್ಸಾಸಿನ್ ವಿಚಾರ ಬೇರೆ. ಇಲ್ಲಿ ಮುಖ್ಯವಾಗಿ ಬದಲಾದದ್ದು ಬ್ಯಾಕ್ಟೀರಿಯಾದ ಸ್ವಂತ ವರ್ಣತಂತುವಿನ ಗೈರೇಸ್ ಜೀನು. ಮೊದಮೊದಲು ಈ ಬದಲಾವಣೆ ಪ್ರಯೋಗಾಲಯದ ಕಣ್ಣಿಗೇ ಬೀಳಲಿಲ್ಲ. ವರದಿಯಲ್ಲಿ ಔಷಧ ನಾಟುತ್ತದೆ ಎಂದಿದ್ದರೂ ರೋಗಿಯ ಜ್ವರ ದಿನಗಟ್ಟಲೆ ಇಳಿಯುತ್ತಿರಲಿಲ್ಲ. ಹಳೆಯದಾದ ನ್ಯಾಲಿಡಿಕ್ಸಿಕ್ ಆಮ್ಲದ ಬಿಲ್ಲೆಯಿಟ್ಟು ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಕ್ರಮೇಣ ವರದಿಯ ಮಾನದಂಡಗಳನ್ನೇ ಬಿಗಿಗೊಳಿಸಬೇಕಾಯಿತು. ದಕ್ಷಿಣ ಏಷ್ಯಾದಲ್ಲಿ ಇಂದು ಸಿಪ್ರೊಫ್ಲಾಕ್ಸಾಸಿನ್ ಭರವಸೆಯ ಔಷಧವಲ್ಲ.

ಆಮೇಲೆ ಆಸರೆಯಾದದ್ದು ಸೆಫ್ಟ್ರಿಯಾಕ್ಸೋನ್. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಅದಕ್ಕೂ ಮಣಿಯದ ತಳಿ ಹಬ್ಬಿತು. ಹಿಂದಿನ ಎಲ್ಲ ನಿರೋಧಗಳ ಜೊತೆಗೆ ಅದು ಸಿಟಿಎಕ್ಸ್-ಎಂ-15 ಎಂಬ ಕಿಣ್ವದ ಜೀನನ್ನು ಹೊಸ ಪ್ಲಾಸ್ಮಿಡ್‌ನಲ್ಲಿ ಪಡೆದಿತ್ತು. ನೆಚ್ಚಬಹುದಾದ ಮಾತ್ರೆಯೆಂದರೆ ಅಜಿತ್ರೊಮೈಸಿನ್ ಒಂದೇ. ಇಲ್ಲವಾದರೆ ರಕ್ತನಾಳಕ್ಕೆ ಕೊಡುವ ದುಬಾರಿ ಕಾರ್ಬಪೆನೆಮ್. ಅಜಿತ್ರೊಮೈಸಿನ್‌ಗೆ ಬಗ್ಗದ ತಳಿಗಳೂ ಬಾಂಗ್ಲಾದೇಶದಲ್ಲಿ ಪತ್ತೆಯಾಗಿವೆ.

ಇದರ ನಡುವೆ ಒಂದು ಮುಖ್ಯ ಸಂಗತಿ ಮರೆಯಾಗಬಾರದು. ಬಳಕೆ ತಗ್ಗಿದ ಮೇಲೆ ಭಾರತದ ಬಹುಪಾಲು ತಳಿಗಳು ಕ್ಲೋರಾಂಫೆನಿಕಾಲ್‌ಗೆ ಮತ್ತೆ ಮಣಿಯುತ್ತಿವೆ. ಆದರೆ ಮೂಳೆಮಜ್ಜೆಗೆ ತಟ್ಟಬಹುದಾದ ಅಪಾಯದಿಂದಾಗಿ ವೈದ್ಯರು ಅದನ್ನು ಬರೆಯಲು ಹಿಂಜರಿಯುತ್ತಾರೆ.

ಯಾವ ಔಷಧ ನಾಟುತ್ತದೆಂದು ತಿಳಿಯಲು ರಕ್ತದ ಕಲ್ಚರ್ ಆಗಬೇಕು, ಅದೂ ಆಂಟಿಬಯಾಟಿಕ್ ಶುರುಮಾಡುವ ಮೊದಲು. ನಮ್ಮಲ್ಲಿ ಸುಲಭವಾಗಿ ಮಾಡಿಸುವ ವಿಡಾಲ್ ಪರೀಕ್ಷೆ ಇದನ್ನು ಹೇಳಲಾರದು. ಜ್ವರ ಟೈಫಾಯ್ಡೇ ಎಂದು ಖಚಿತಪಡಿಸಲೂ ಅದು ಸಾಲದು.

ತೆಲಂಗಾಣದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಸಂಯುಗ್ಮ ಲಸಿಕೆ ನಿರೋಧಕ ತಳಿಗಳ ವಿರುದ್ಧವೂ ಕೆಲಸ ಮಾಡುತ್ತದೆ. 2019ರ ನವೆಂಬರಿನಲ್ಲಿ ಪಾಕಿಸ್ತಾನ ಅದನ್ನು ಸಿಂಧ್‌ನ ಮಕ್ಕಳಿಂದ ಆರಂಭಿಸಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿತು.