ಥೈರಾಯ್ಡ್ ಗುಳಿಗೆ: ತಾವೇ ಡೋಸ್ ಏರಿಸಿ ಇಳಿಸುವವರು ತಿಳಿಯಬೇಕಾದದ್ದು

ಸಿಂಧನೂರು: ಸಿಂಧನೂರು, ಮಸ್ಕಿ, ಲಿಂಗಸುಗೂರು ಯಾವ ಊರಿನ ಮೆಡಿಕಲ್ ಶಾಪ್‌ನಲ್ಲಾದರೂ ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂದರೆ ಸಾಕು, ಅದು ಯಾವುದರ ಗುಳಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ನೂರು, ನೂರಿಪ್ಪತ್ತು ಗುಳಿಗೆಯ ಡಬ್ಬಿ. ಮನೆಗೆ ಬಂದರೆ ಮೂರು ನಾಲ್ಕು ತಿಂಗಳು ಕಪಾಟಿನಲ್ಲೇ ಇರುತ್ತೆ. ಪ್ರಯೋಗ ಶುರುವಾಗೋದೂ ಆ ಕಪಾಟಿನಿಂದಲೇ. ಅಕ್ಕನಿಗೆ ಬರೆದುಕೊಟ್ಟ ಗುಳಿಗೆಯನ್ನು ತೂಕ ಇಳಿಯಲಿ ಅಂತ ತಂಗಿ ನುಂಗುವುದು, ಸುಸ್ತು ಅನಿಸಿದ ವಾರ 50ರ ಬದಲು 100 ತಗೊಳ್ಳೋದು, ರಿಪೋರ್ಟ್ ನಾರ್ಮಲ್ ಬಂತು ಅಂತ ಪೂರ್ತಿ ಬಿಟ್ಟೇಬಿಡೋದು. ಮೂರೂ ತಪ್ಪೇ, ಆದರೆ ಮೂರರ ಪರಿಣಾಮ ಬೇರೆ ಬೇರೆ.

ಮೊದಲು ಒಂದು ಮಾತು. 'ನಂಗೆ ಥೈರಾಯ್ಡ್ ಐತಿ' ಅಂತ ಎಲ್ಲರೂ ಹೇಳ್ತಾರೆ. ಥೈರಾಯ್ಡ್ ಎಲ್ಲರಿಗೂ ಇದೆ, ಅದು ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆ ಆಕಾರದ ಗ್ರಂಥಿ. ಅದರ ಹಾರ್ಮೋನ್ ಕಡಿಮೆಯಾದರೆ ಹೈಪೋ, ಜಾಸ್ತಿಯಾದರೆ ಹೈಪರ್. ಎರಡೂ ಒಂದಕ್ಕೊಂದು ಉಲ್ಟಾ ಕಾಯಿಲೆಗಳು. ಈ ಗುಳಿಗೆ ಕಡಿಮೆ ಇದ್ದವರಿಗೆ ಮಾತ್ರ. ಹಾರ್ಮೋನ್ ಜಾಸ್ತಿ ಇದ್ದವರು 'ಇಬ್ಬರಿಗೂ ಥೈರಾಯ್ಡೇ ತಾನೆ' ಅಂತ ಪಕ್ಕದ ಮನೆಯವರ ಡಬ್ಬಿಯಿಂದ ತಗೊಂಡರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ.

ಕಾಲುವೆ ಲೆಕ್ಕ

ಗುಳಿಗೆಯೊಳಗಿನ ಔಷಧದ ಹೆಸರು ಲೆವೊಥೈರಾಕ್ಸಿನ್. ಗ್ರಂಥಿ ತಯಾರಿಸುವ ಟಿ-4 ಹಾರ್ಮೋನನ್ನೇ ಕಾರ್ಖಾನೆಯಲ್ಲಿ ಮಾಡಿದ್ದು. ಅಳತೆ ಮೈಕ್ರೋಗ್ರಾಂನಲ್ಲಿ. 100ರ ಗುಳಿಗೆ ಅಂದರೆ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗ ಔಷಧ. ಅದಕ್ಕೇ ಕಂಪನಿಗಳು 25, 50, 75, 88, 100, 112 ಅಂತ ಇಷ್ಟು ಹತ್ತಿರ ಹತ್ತಿರದ ಡೋಸ್ ಮಾಡೋದು. ಇಲ್ಲಿ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತೆ.

ರಿಪೋರ್ಟ್‌ನಲ್ಲಿ ಬರುವ ಟಿಎಸ್‌ಎಚ್ ಏನು ಅನ್ನೋದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತರಿಗೆ ಬೇಗ ತಿಳಿಯುತ್ತೆ. ನೀರು ಕಡಿಮೆಯಾದರೆ ಕೊನೇ ಭಾಗದವರ ಕೂಗು ಜೋರಾಗುತ್ತೆ, ನೀರು ಬಂದರೆ ಕೂಗು ಇಳಿಯುತ್ತೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾಕುವ ಅಂಥ ಕೂಗೇ ಟಿಎಸ್‌ಎಚ್. ಹಾರ್ಮೋನ್ ಕಡಿಮೆ ಇದ್ದರೆ ಟಿಎಸ್‌ಎಚ್ ಏರುತ್ತೆ, ಜಾಸ್ತಿ ಇದ್ದರೆ ಇಳಿಯುತ್ತೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಸಾಮಾನ್ಯ ಮಟ್ಟ 0.4ರಿಂದ 4ರ ಆಸುಪಾಸು. ಟಿಎಸ್‌ಎಚ್ 9 ಬಂದರೆ 'ಥೈರಾಯ್ಡ್ ಜಾಸ್ತಿ ಆಗಿದೆ' ಅಂತ ತಿಳಿಯೋದು ಉಲ್ಟಾ ಓದಿದಂತೆ. ಅಲ್ಲಿ ಜಾಸ್ತಿ ಆಗಿರೋದು ಕೂಗು, ನೀರಲ್ಲ.

ಇನ್ನೊಂದು ಹೋಲಿಕೆಯೂ ಇದೆ. ಡ್ಯಾಂನಿಂದ ನೀರು ಬಿಟ್ಟ ದಿನವೇ ಕೊನೇ ಗದ್ದೆಗೆ ನೀರು ಬರಲ್ಲ. ನುಂಗಿದ ಲೆವೊಥೈರಾಕ್ಸಿನ್‌ನಲ್ಲಿ ಅರ್ಧದಷ್ಟು ರಕ್ತದಿಂದ ಹೋಗೋಕೆ ಸುಮಾರು 7 ದಿನ ಬೇಕು. ಹೀಗಾಗಿ ಇವತ್ತು ಡೋಸ್ ಬದಲಿಸಿದರೆ ಅದರ ಪೂರ್ತಿ ಪರಿಣಾಮ ಟಿಎಸ್‌ಎಚ್‌ನಲ್ಲಿ ಕಾಣೋದು 6ರಿಂದ 8 ವಾರಕ್ಕೆ. ಸ್ವಂತ ಪ್ರಯೋಗ ಕೈಕೊಡೋದು ಇಲ್ಲೇ. ಸೋಮವಾರ ಡೋಸ್ ಏರಿಸಿ ಬುಧವಾರ ಹುರುಪು ಬಂತು ಅಂದರೆ ಅದು ಹೆಚ್ಚಾಗಿ ಗುಳಿಗೆಯ ಕೆಲಸ ಅಲ್ಲ, ಮನಸ್ಸಿನದು. ಎರಡು ವಾರ ನೋಡಿ ಏನೂ ಆಗಲಿಲ್ಲ ಅಂತ ಮತ್ತೆ ಏರಿಸಿದರೆ, ಮೊದಲು ಏರಿಸಿದ್ದರ ಜೊತೆಗೆ ಎರಡನೆಯದೂ ತಿಂಗಳ ನಂತರ ಒಟ್ಟಿಗೇ ಬಂದು ಎದೆ ಮೇಲೆ ಕೂರುತ್ತೆ. 'ನನಗೆ ಹೇಗನಿಸುತ್ತೆ' ಅನ್ನೋದನ್ನೇ ಅಳತೆಗೋಲು ಮಾಡಿಕೊಳ್ಳೋಕೆ ಈ ಔಷಧ ತಕ್ಕದ್ದಲ್ಲ.

ಲಾಭ ಸುಳ್ಳಲ್ಲ

ನಿಜವಾಗಿ ಹಾರ್ಮೋನ್ ಕಡಿಮೆ ಇದ್ದವರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಔಷಧ ಅಪರೂಪ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ರಸವನ್ನು 46 ವರ್ಷದ ಮಹಿಳೆಗೆ ಕೊಟ್ಟರು. ಮುಖ ಊದಿ, ಮಾತು ನಿಧಾನವಾಗಿ, ಕೆಲಸ ಮಾಡಲಾಗದೆ ಕೂತಿದ್ದ ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಇವತ್ತು ಅದೇ ಕೆಲಸಕ್ಕೆ ದಿನಕ್ಕೊಂದು ಸಣ್ಣ ಗುಳಿಗೆ ಸಾಕು. ಔಷಧ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ, ಜನೌಷಧಿ ಮಳಿಗೆಗಳಲ್ಲೂ ಸಿಗುತ್ತೆ.

ಬೇಕಾದವರೂ ಕಡಿಮೆ ಇಲ್ಲ. ಬೆಂಗಳೂರು, ಹೈದರಾಬಾದ್ ಸೇರಿ ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಜನರಲ್ಲಿ ಹೈಪೋಥೈರಾಯ್ಡ್ ಕಂಡುಬಂತು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಚರ್ಮ ಒಣಗುವುದು, ಮುಟ್ಟು ಏರುಪೇರು, ಕೂದಲು ಉದುರುವುದು ಇದರ ಲಕ್ಷಣ. ತೊಂದರೆ ಏನಂದರೆ ರಕ್ತಹೀನತೆಗೂ, ನಿದ್ದೆಗೇಡಿಗೂ, ಸಕ್ಕರೆ ಕಾಯಿಲೆಗೂ ಇವುಗಳಲ್ಲಿ ಅರ್ಧ ಲಕ್ಷಣ ಇರುತ್ತೆ. ರಕ್ತ ಕಡಿಮೆಯಾಗಿ ಸುಸ್ತಾದವರು ಥೈರಾಯ್ಡ್ ಗುಳಿಗೆ ನುಂಗಿದರೆ ಎದೆಬಡಿತ ಹೆಚ್ಚುತ್ತೆ, ಸುಸ್ತು ಹಾಗೇ ಇರುತ್ತೆ.

ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿದ್ದು ಟಿ-4 ಸರಿ ಇದ್ದರೆ ಎಲ್ಲರಿಗೂ ಗುಳಿಗೆ ಬೇಕಾಗಲ್ಲ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರುತ್ತೆ. 65 ದಾಟಿದ ಇಂಥ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗುಳಿಗೆ ತಗೊಂಡವರಿಗೂ ಔಷಧವಿಲ್ಲದ ಹುಸಿ ಗುಳಿಗೆ ತಗೊಂಡವರಿಗೂ ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವೈದ್ಯರು 'ಎರಡು ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ' ಅಂದರೆ ಅದು ನಿರ್ಲಕ್ಷ್ಯ ಅಲ್ಲ.

ತೂಕ ಇಳಿಸುವ ಆಸೆ

ಗ್ರಂಥಿ ಸರಿ ಇದ್ದವರು ಈ ಗುಳಿಗೆ ತಗೊಂಡರೆ ಏನಾಗುತ್ತೆ? ಮತ್ತೆ ಕಾಲುವೆಗೇ ಬನ್ನಿ. ಹೊರಗಿನಿಂದ ಟ್ಯಾಂಕರ್ ನೀರು ಬಂತು ಅಂತ ಕೂಗು ನಿಲ್ಲುತ್ತೆ, ಕೂಗು ನಿಂತರೆ ಗೇಟ್ ಮುಚ್ಚುತ್ತೆ. ಗುಳಿಗೆ ಕೊಟ್ಟಷ್ಟನ್ನು ಸ್ವಂತ ಗ್ರಂಥಿ ಕಡಿಮೆ ಮಾಡಿಕೊಳ್ಳುತ್ತೆ. ಅದಕ್ಕೇ ಸಣ್ಣ ಡೋಸ್‌ನಿಂದ ತೂಕ ಇಳಿಯಲ್ಲ. ಇಳಿಯಬೇಕಾದರೆ ದೇಹಕ್ಕೆ ವಿಷವಾಗುವಷ್ಟು ತಗೋಬೇಕು, ಆಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ತೂಕ ಇಳಿಸಲು ಇದನ್ನು ಬಳಸಬಾರದು, ಹೆಚ್ಚಿನ ಡೋಸ್ ಪ್ರಾಣಕ್ಕೇ ಅಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಕಪ್ಪು ಚೌಕ ಹಾಕಿ ಬರೆಸಿದೆ. ಅದಕ್ಕೆ ಹಿಂದಿನ ಅನುಭವವೂ ಇದೆ. 1960ರ ದಶಕದಲ್ಲಿ ಅಲ್ಲಿ ಬಣ್ಣಬಣ್ಣದ 'ರೇನ್‌ಬೋ' ಗುಳಿಗೆಗಳನ್ನು ತೂಕ ಇಳಿಸಲು ಕೊಡುತ್ತಿದ್ದರು. ಥೈರಾಯ್ಡ್ ಹಾರ್ಮೋನ್, ಉತ್ತೇಜಕ, ಮೂತ್ರ ಹೆಚ್ಚಿಸುವ ಔಷಧ, ಹೃದಯದ ಔಷಧ ಎಲ್ಲ ಸೇರಿದ ಪ್ಯಾಕೆಟ್. ಸಾವುಗಳಾದ ಮೇಲೆ 1968ರಲ್ಲಿ ಸರ್ಕಾರ ಅದರ ಮೇಲೆ ಕ್ರಮಕ್ಕಿಳಿಯಿತು.

ಜಿಮ್‌ಗೆ ಹೋಗುವ ಹುಡುಗರಿಗೆ ಟಿ-3 ಅನ್ನೋ ಹೆಸರು ಕಿವಿಗೆ ಬಿದ್ದಿರುತ್ತೆ. ಅದು ಟಿ-4ಗಿಂತ ಬೇಗ, ಜೋರಾಗಿ ಕೆಲಸ ಮಾಡುತ್ತೆ. ಪೆಟ್ಟೂ ಅಷ್ಟೇ ಬೇಗ, ಅದೂ ಹೃದಯಕ್ಕೆ. 'ನೈಸರ್ಗಿಕ ಥೈರಾಯ್ಡ್ ಪುಡಿ, ಕ್ಯಾಪ್ಸೂಲ್' ಅಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಅಮೆರಿಕದಲ್ಲಿ ಚೀಟಿ ಇಲ್ಲದೆ ಮಾರುತ್ತಿದ್ದ ಇಂಥ 10 ಉತ್ಪನ್ನ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 9ರಲ್ಲಿ ಟಿ-3 ಹಾರ್ಮೋನೇ ಸಿಕ್ಕಿತ್ತು. ಅಶ್ವಗಂಧ ತಗೊಂಡು ಹಾರ್ಮೋನ್ ಮಿತಿ ಮೀರಿದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಸದ್ದಿಲ್ಲದ ಹಾನಿ

ಡೋಸ್ ಜಾಸ್ತಿಯಾದರೆ ಕಾಣುವ ಲಕ್ಷಣ: ಎದೆ ಡವಡವ, ಕೈ ನಡುಕ, ಬೆವರು, ನಿದ್ದೆ ಬಾರದಿರುವುದು, ಭೇದಿ, ಸಿಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದಲ್ಲಿ ಬೆವರು, ನಿದ್ದೆಗೇಡು ಯಾರಿಗಿಲ್ಲ? ಬಿಸಿಲಿನದು ಅಂತ ಬಿಟ್ಟುಬಿಡ್ತಾರೆ. ಕಾಣದ ಹಾನಿ ಇನ್ನೂ ದೊಡ್ಡದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ 60 ದಾಟಿದವರನ್ನು 10 ವರ್ಷ ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಮೂರು ಪಟ್ಟು ಹೆಚ್ಚು. ಆ ಕಾಯಿಲೆಯಿಂದ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತೆ, ಅದು ಗೊತ್ತಾಗೋದು ಬಿದ್ದು ಸೊಂಟ ಮುರಿದಾಗಲೇ. ಮೊದಲೇ ಹೃದಯದ ತೊಂದರೆ ಇದ್ದವರಿಗೆ ವೈದ್ಯರೂ 12.5 ಅಥವಾ 25ರಿಂದ ಶುರು ಮಾಡಿ ನಿಧಾನಕ್ಕೆ ಏರಿಸೋದು ಇದಕ್ಕೇ.

ಇನ್ನೊಂದು ಬಲೆಯಿದೆ. ಬೇಡದವರು ತಿಂಗಳುಗಟ್ಟಲೆ ತಗೊಂಡು ಒಮ್ಮೆಲೆ ಬಿಟ್ಟರೆ, ಮಲಗಿದ್ದ ಸ್ವಂತ ಗ್ರಂಥಿ ಮತ್ತೆ ಏಳೋಕೆ ಕೆಲವು ವಾರ ಬೇಕು. ಆ ವಾರಗಳಲ್ಲಿ ಸುಸ್ತು ಬರುತ್ತೆ. 'ನೋಡಿದ್ರಾ, ನನಗೆ ಗುಳಿಗೆ ಬೇಕೇ ಬೇಕು' ಅಂತ ಮತ್ತೆ ಡಬ್ಬಿಗೆ ಕೈ ಹಾಕ್ತಾರೆ.

ನಾರ್ಮಲ್ ಬಂತು ಅಂತ ಬಿಟ್ಟವರು

ಕಾಯಿಲೆ ಇದ್ದವರಲ್ಲಿ ಕಾಣುವ ದೊಡ್ಡ ತಪ್ಪು ಇದು. ರಿಪೋರ್ಟ್ ನಾರ್ಮಲ್ ಬಂದದ್ದು ಗುಳಿಗೆ ತಗೊಂಡಿದ್ದರಿಂದ. ಬಿಟ್ಟ ಮರುದಿನ ಏನೂ ಆಗಲ್ಲ, ಮರುವಾರವೂ ಆಗಲ್ಲ, ಅದೇ ಮೋಸ. ಗರ್ಭಿಣಿಯರ ವಿಷಯದಲ್ಲಂತೂ ಬಿಡುವ ಮಾತೇ ಬೇಡ. ಮೊದಲ ಮೂರು ತಿಂಗಳು ಮಗು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತೆ, ಮೆದುಳು ಬೆಳೆಯುವ ಸಮಯ ಅದು. ಕಡಿಮೆಯಾದರೆ ಗರ್ಭಪಾತದ ಅಪಾಯವೂ ಇದೆ. ಬಸಿರಾದಾಗ ಡೋಸ್ ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧ ಭಾಗದಷ್ಟು ಹೆಚ್ಚು ಬೇಕಾಗುತ್ತೆ. 'ಬಸಿರಲ್ಲಿ ಯಾವ ಗುಳಿಗೆಯೂ ಬೇಡ' ಅನ್ನೋ ಹಿರಿಯರ ಮಾತು ಈ ಗುಳಿಗೆಗೆ ಅನ್ವಯಿಸಲ್ಲ. ತಿಂಗಳು ತಪ್ಪಿದ್ದು ಗೊತ್ತಾದ ಕೂಡಲೇ ವೈದ್ಯರನ್ನು ಕಾಣಬೇಕು.

ಡೋಸ್ ಸಾಲುತ್ತಿಲ್ಲ ಅನಿಸಿದರೆ ಏರಿಸುವ ಮೊದಲು ತಗೊಳ್ಳುವ ರೀತಿ ನೋಡಿ. ಎದ್ದ ಕೂಡಲೇ ಚಹಾ ಬೇಕು ಅನ್ನೋರು ಗುಳಿಗೆಯನ್ನೂ ಚಹಾದ ಜೊತೆಗೇ ನುಂಗ್ತಾರೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಬೇಕು. ದವಾಖಾನೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಔಷಧ ಮೈಗೆ ಹತ್ತಲ್ಲ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರು ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಇಲ್ಲದ ಹೈಪರ್ ತೋರಿಸುತ್ತೆ. ಡಬ್ಬಿಯ ಜಾಗವೂ ಮುಖ್ಯ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಶೀಟ್ ಕೆಳಗೆ, ಒಲೆಯ ಪಕ್ಕ, ಬೈಕ್ ಡಿಕ್ಕಿಯಲ್ಲಿ ಇಟ್ಟರೆ ಗುಳಿಗೆಯ ಶಕ್ತಿ ಕುಂದುತ್ತೆ. ಕಂಪನಿ ಬದಲಿಸಿದರೂ ಆರು ವಾರಕ್ಕೆ ಒಮ್ಮೆ ಟೆಸ್ಟ್ ಮಾಡಿಸೋದು ಒಳ್ಳೇದು.

ಕಿರಾಣಿ ಅಂಗಡಿಯವರಿಗೂ ಇಲ್ಲೊಂದು ಮಾತಿದೆ. ಅಡುಗೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದು 2006ರಿಂದ ದೇಶದಲ್ಲಿ ನಿಷಿದ್ಧ. ಗ್ರಾಹಕರ ಕೈಗೆ ಸಿಗುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. ತೆರೆದ ಚೀಲ ಬಿಸಿಲಿಗೆ, ಮಳೆಗೆ ಸಿಕ್ಕರೆ ಅದೂ ಹೋಗುತ್ತೆ. ಹಾಗಂತ ಅಯೋಡಿನ್ ಉಪ್ಪು ಜಾಸ್ತಿ ತಿಂದರೆ ಹೈಪೋ ವಾಸಿಯಾಗಲ್ಲ, ಬಿಪಿ ಏರುತ್ತೆ ಅಷ್ಟೇ. ಅಯೋಡಿನ್ ಉಪ್ಪು ಬಳಸುವ ಕಡೆ ಹೆಚ್ಚಿನ ಹೈಪೋ ಬರೋದು ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳೋದರಿಂದ.

ಈಗಾಗಲೇ ತಗೊಂಡಿದ್ದರೆ

ವೈದ್ಯರಿಂದ ಮುಚ್ಚಿಡಬೇಡಿ. ಯಾವ ಡೋಸ್, ಎಷ್ಟು ದಿನದಿಂದ ಅಂತ ಡಬ್ಬಿ ಸಮೇತ ತೋರಿಸಿ, ಟಿಎಸ್‌ಎಚ್ ಜೊತೆ ಟಿ-4 ಕೂಡ ಮಾಡಿಸಿ. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್‌ಗೆ ಔಷಧ ನಡೆಯುತ್ತಿದ್ದರೆ ಅದನ್ನೂ ಹೇಳಿ, ಅವುಗಳ ಲೆಕ್ಕವೂ ಬದಲಾಗುತ್ತೆ. ರಕ್ತ ಪರೀಕ್ಷೆಗೆ ತಾಲೂಕಿನಿಂದ ಹೊರಗೆ ಹೋಗಬೇಕಿಲ್ಲ. ರಾಯಚೂರಿನ ರಿಮ್ಸ್‌ಗೆ ಹೋಗಿಬರೋದು ಒಂದು ದಿನದ ಕೆಲಸ, ಅದು ಬೇಕೋ ಬೇಡವೋ ಅನ್ನೋದನ್ನು ಇಲ್ಲಿನ ವೈದ್ಯರು ರಿಪೋರ್ಟ್ ನೋಡಿ ಹೇಳ್ತಾರೆ. ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 100 ದಾಟುತ್ತಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು ಇದ್ದರೆ ಟೆಸ್ಟ್‌ಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಮನೆಯ ಮಗು ಡಬ್ಬಿಯಿಂದ ಗುಳಿಗೆ ನುಂಗಿದ್ದರೆ, ಆಟ ಆಡ್ತಾ ಚೆನ್ನಾಗೇ ಇದ್ದರೂ ಕೂಡಲೇ ದವಾಖಾನೆಗೆ ಕರೆದೊಯ್ಯಬೇಕು. ಲಕ್ಷಣ ಕಾಣಿಸಿಕೊಳ್ಳೋಕೆ ಹಲವು ದಿನ ಹಿಡಿಯಬಹುದು.