ಸಭೆಯ ಮೇಲೆ ಹೇರಿದ ಚುನಾವಣೆ: ಅಯೋವಾ ಕಾಕಸ್‌ನ ಅರ್ಧ ಶತಮಾನ

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗೆ ಟಿಕೆಟ್ ಕೊಡುವ ಹೈಕಮಾಂಡ್ ಇಲ್ಲ. ಪಕ್ಷದ ಬೆಂಬಲಿಗರೇ ರಾಜ್ಯದಿಂದ ರಾಜ್ಯಕ್ಕೆ ತಮ್ಮ ಆಯ್ಕೆಯನ್ನು ತಿಳಿಸುತ್ತ ಹೋಗುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಇದಕ್ಕೆಂದು ಪ್ರೈಮರಿ ಎಂಬ ಚುನಾವಣೆ ನಡೆಯುತ್ತದೆ. ಮತದಾರ ಗುಪ್ತವಾಗಿ ಮತ ಹಾಕಿ ಮನೆಗೆ ಮರಳುತ್ತಾನೆ. ಆದರೆ ಜೋಳ, ಸೋಯಾ ಬೆಳೆಯುವ ಅಯೋವಾ ರಾಜ್ಯದ ಡೆಮಾಕ್ರಟಿಕ್ ಪಕ್ಷದವರು 1972ರಿಂದ 2020ರವರೆಗೆ ಚಳಿಗಾಲದ ಒಂದು ಸಂಜೆ ಶಾಲೆ, ಚರ್ಚ್, ಗ್ರಂಥಾಲಯಗಳಲ್ಲಿ ನೆರೆಹೊರೆಯವರ ಜೊತೆ ಸೇರಿ, ಎಲ್ಲರೆದುರು ತಮ್ಮ ಅಭ್ಯರ್ಥಿಯ ಪರ ನಿಂತು ಈ ಕೆಲಸ ಮಾಡಿದರು. ಈ ಕಾಕಸ್ ಪದ್ಧತಿ ಕುಸಿದದ್ದಕ್ಕೆ 2020ರಲ್ಲಿ ಕೈಕೊಟ್ಟ, ಫಲಿತಾಂಶ ಕಳಿಸುವ ಮೊಬೈಲ್ ಆ್ಯಪ್ ಕಾರಣವೆಂದು ಹೇಳುವುದು ವಾಡಿಕೆ. ಇತಿಹಾಸ ನೋಡಿದರೆ ಕಾರಣ ಇನ್ನೂ ಹಿಂದಿದೆ. ಮಾತುಕತೆಗಾಗಿ ಹುಟ್ಟಿದ ಸಭೆಯೊಂದರ ಮೇಲೆ ಚುನಾವಣೆಯ ಹೊಣೆ ಹೊರಿಸಿದ್ದೇ ಅದನ್ನು ಮುರಿಯಿತು.

ಅಯೋವಾ 1846ರಲ್ಲಿ ರಾಜ್ಯವಾದಾಗಿನಿಂದಲೂ ಅಲ್ಲಿ ಕಾಕಸ್‌ಗಳಿದ್ದವು. ಅವು ಪಕ್ಷದ ತಳಮಟ್ಟದ ಸಭೆಗಳು. ಮುಂದಿನ ಹಂತಕ್ಕೆ ಹೋಗುವ ಪ್ರತಿನಿಧಿಗಳನ್ನು ಆರಿಸುವುದು, ಸ್ಥಳೀಯ ಪದಾಧಿಕಾರಿಗಳನ್ನು ನೇಮಿಸುವುದು, ಪಕ್ಷದ ಕಾರ್ಯಕ್ರಮಕ್ಕೆ ಠರಾವು ಮಂಡಿಸುವುದು ಅಲ್ಲಿನ ಕೆಲಸ. ಅಲ್ಲಿ ಆಯ್ಕೆಯಾದವರು ಕೌಂಟಿ ಸಮಾವೇಶಕ್ಕೆ, ಅಲ್ಲಿಂದ ಸಂಸದೀಯ ಜಿಲ್ಲೆಯ ಸಮಾವೇಶಕ್ಕೆ, ಕೊನೆಗೆ ರಾಜ್ಯ ಸಮಾವೇಶಕ್ಕೆ ಏರುತ್ತಿದ್ದರು. ರಾಜ್ಯ 1916ರಲ್ಲಿ ಒಮ್ಮೆ ಪ್ರೈಮರಿಯನ್ನೂ ಪ್ರಯೋಗಿಸಿ ನೋಡಿತು. ಖರ್ಚು ಹೆಚ್ಚಾಯಿತು, ಮತ ಹಾಕಲು ಬಂದವರು ಕಡಿಮೆ. ಮರುವರ್ಷವೇ ಆ ಕಾನೂನು ರದ್ದಾಯಿತು. ಆ ಬಳಿಕ ಸುಮಾರು ಐದು ದಶಕ ದೇಶದ ಕಣ್ಣಿಗೆ ಬೀಳದೆ ಕಾಕಸ್‌ಗಳು ನಡೆದವು. ಇಂತಹ ಸಭೆ ಹಲವು ಬಾರಿ ಕೆಲವೇ ಮುಖಂಡರ ಹಿಡಿತದಲ್ಲಿರುತ್ತಿತ್ತು ಎಂಬುದನ್ನೂ ಮರೆಯಬಾರದು. ಹಳೆಯ ಕಾಕಸ್ ಶುದ್ಧ ಪ್ರಜಾಪ್ರಭುತ್ವವಾಗಿತ್ತೆಂದು ಯಾರೂ ಹಾಡಿ ಹೊಗಳಬೇಕಾಗಿಲ್ಲ.

ಆ ಹಿಡಿತವನ್ನು ಸಡಿಲಿಸಿದ್ದು ಡೆಮಾಕ್ರಟಿಕ್ ಪಕ್ಷದ 1968ರ ಷಿಕಾಗೊ ಸಮಾವೇಶ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬೀದಿಯಲ್ಲಿ ಪ್ರತಿಭಟನೆ ನಡೆಯುತ್ತಿದ್ದಾಗ, ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಒಳಗೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಕಾರ್ಯಕರ್ತರ ಸಿಟ್ಟಿಗೆ ಉತ್ತರವಾಗಿ ಪಕ್ಷ ಮೆಕ್‌ಗವರ್ನ್–ಫ್ರೇಸರ್ ಆಯೋಗವನ್ನು ನೇಮಿಸಿತು. ಸಭೆಗಳ ದಿನಾಂಕವನ್ನು ಮೊದಲೇ ಪ್ರಕಟಿಸಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬ ನಿಯಮಗಳು ಬಂದವು. ಅಯೋವಾದ ನಾಲ್ಕು ಹಂತಗಳ ನಡುವೆ ತಿಂಗಳಷ್ಟು ಅಂತರ ಬೇಕಿತ್ತು. ಕಾಗದಪತ್ರಗಳನ್ನು ಹಳೆಯ ಯಂತ್ರದಲ್ಲಿ ಪ್ರತಿ ತೆಗೆದು ಹಂಚಲು ಸಮಯ ಹಿಡಿಯುತ್ತಿತ್ತು. ರಾಜ್ಯ ಸಮಾವೇಶದಿಂದ ಹಿಂದಕ್ಕೆ ಎಣಿಸಿದಾಗ ಮೊದಲ ಹಂತ 1972ರ ಜನವರಿ 24ಕ್ಕೆ ಬಂದು ನಿಂತಿತು. ಹೀಗೆ ಅಲ್ಲಿಯವರೆಗೆ ಮೊದಲು ನಡೆಯುತ್ತಿದ್ದ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಗಿಂತಲೂ ಅಯೋವಾ ಮುಂದಾಯಿತು. ಮೊದಲ ಸ್ಥಾನ ಬೇಕೆಂದು ಅದು ಹೋರಾಡಿರಲಿಲ್ಲ, ಕ್ಯಾಲೆಂಡರ್ ತಂದುಕೊಟ್ಟಿತ್ತು.

ಆ ಆಕಸ್ಮಿಕವನ್ನು ಅಧಿಕಾರವಾಗಿ ಬದಲಿಸಿದವರು ಜಿಮ್ಮಿ ಕಾರ್ಟರ್ ಮತ್ತು ಪತ್ರಿಕೆಗಳು. 1976ರಲ್ಲಿ ಯಾರ ಪರವೂ ನಿಲ್ಲದ ಪ್ರತಿನಿಧಿಗಳ ಪಾಲು ಶೇ 37. ಕಾರ್ಟರ್‌ಗೆ ಬಂದದ್ದು ಸುಮಾರು ಶೇ 28. ಆದರೂ ಮರುದಿನದ ಸುದ್ದಿ ಕಾರ್ಟರ್ ಗೆದ್ದರೆಂಬುದೇ ಆಗಿತ್ತು. ಇನ್ನೂ ನಿರ್ಧರಿಸಿಲ್ಲ ಎನ್ನುವುದು ಸಭೆಗೆ ಸಹಜವಾದ ಉತ್ತರ. ಪತ್ರಿಕೆಯ ತಲೆಬರಹಕ್ಕೆ ಅದು ಒಗ್ಗದು. ಅದೇ ವರ್ಷ ರಿಪಬ್ಲಿಕನ್ನರೂ ತಮ್ಮ ಸಭೆಯನ್ನು ಅದೇ ದಿನಕ್ಕೆ ತಂದರು. 1984ರಲ್ಲಿ ವಾಲ್ಟರ್ ಮಾಂಡೇಲ್ ಶೇ 49 ಪಡೆದು ಭರ್ಜರಿಯಾಗಿ ಮುಂದಿದ್ದರೂ, ಕೇವಲ ಶೇ 16 ಪಡೆದ ಗ್ಯಾರಿ ಹಾರ್ಟ್ ನಿರೀಕ್ಷೆ ಮೀರಿದರೆಂಬ ಕಾರಣಕ್ಕೆ ಪ್ರಮುಖ ಎದುರಾಳಿಯಾಗಿ ಬೆಳೆದರು. ಅಯೋವಾದ ಶಾಸನಸಭೆ ಬೇರೆ ಯಾವ ರಾಜ್ಯಕ್ಕಿಂತಲೂ ಕನಿಷ್ಠ ಎಂಟು ದಿನ ಮೊದಲೇ ಕಾಕಸ್ ನಡೆಯಬೇಕೆಂದು ಕಾನೂನನ್ನೂ ಮಾಡಿತು. ಕೌಂಟಿಗೆ ಪ್ರತಿನಿಧಿ ಕಳಿಸುವ ಸಭೆಗೆ ಈಗ ದೇಶದ ಸ್ಪರ್ಧೆಯಲ್ಲಿ ಯಾರು ಉಳಿಯಬೇಕೆಂಬ ತೀರ್ಪು ಕೊಡುವ ಭಾರ ಬಂದಿತು.

ಸಭೆಯಾಗಿ ಅದಕ್ಕೆ ನಿಜವಾದ ಗುಣವಿತ್ತು. ಡೆಮಾಕ್ರಟಿಕ್ ನಿಯಮದಂತೆ ಸಾಮಾನ್ಯವಾಗಿ ಶೇ 15ರಷ್ಟು ಜನ ಸೇರದ ಗುಂಪು ಕರಗಬೇಕಿತ್ತು. ಅದರಲ್ಲಿದ್ದವರು ಎರಡನೆಯ ಆಯ್ಕೆಯತ್ತ ಹೋಗಬಹುದಿತ್ತು. ಉಳಿದ ಗುಂಪಿನವರು ಅವರನ್ನು ಮಾತಿನಿಂದ ಒಲಿಸಿಕೊಳ್ಳಬೇಕಿತ್ತು. ಆದ್ದರಿಂದ ಅಭ್ಯರ್ಥಿಗಳಿಗೆ ಟಿವಿ ಜಾಹೀರಾತಿನಷ್ಟೇ ಊರೂರಿನಲ್ಲಿ ವಾದ ಮಾಡಬಲ್ಲ ಕಾರ್ಯಕರ್ತರೂ ಬೇಕಾಗಿದ್ದರು. 2008ರಲ್ಲಿ ಬಹುಪಾಲು ಬಿಳಿಯರೇ ಇರುವ ಈ ರಾಜ್ಯದಲ್ಲಿ ಬರಾಕ್ ಒಬಾಮ ಹಿಲರಿ ಕ್ಲಿಂಟನ್‌ರನ್ನು ಹಿಂದಿಕ್ಕಿದ್ದು ಇಂತಹ ಸಂಘಟನೆಯ ಬಲದಿಂದ.

ಕಾಕಸ್‌ಗೆ ಬರುವ ಆಕ್ಷೇಪಗಳು ಹಗುರವಾದವಲ್ಲ. ರಾತ್ರಿ ಪಾಳಿಯ ನರ್ಸ್, ಎಳೆಗೂಸಿನ ತಾಯಿ, ನಡೆಯಲಾಗದ ವೃದ್ಧ ಗಂಟೆಗಟ್ಟಲೆ ನಡೆಯುವ ಸಭೆಗೆ ಬರುವುದು ಹೇಗೆ? ಮಾಲೀಕನ ಕಣ್ಣೆದುರು ನೌಕರ ತನ್ನ ಒಲವನ್ನು ನಿರ್ಭಯವಾಗಿ ತೋರಿಸಬಲ್ಲನೆ? ದಾಖಲೆ ಎನಿಸಿದ 2008ರಲ್ಲೂ ಸುಮಾರು 30 ಲಕ್ಷ ಜನರ ರಾಜ್ಯದಲ್ಲಿ ಡೆಮಾಕ್ರಟಿಕ್ ಸಭೆಗಳಿಗೆ ಬಂದವರು ಅಂದಾಜು 2.4 ಲಕ್ಷ. ಕರಿಯರು, ಹಿಸ್ಪಾನಿಕ್ ಸಮುದಾಯದವರು ಹೆಚ್ಚಿರುವ ಪಕ್ಷದ ಪರವಾಗಿ ಬಿಳಿಯರೇ ಹೆಚ್ಚಿರುವ ರಾಜ್ಯ ಮೊದಲ ಮಾತಾಡುವುದು ನ್ಯಾಯವೆ? ಈ ಪ್ರಶ್ನೆಗಳಿಗೆ ಕಾಕಸ್‌ನ ಬಳಿ ಉತ್ತರವಿಲ್ಲ, ಇದೆಯೆಂದು ವಾದಿಸುವುದೂ ತಪ್ಪು. ಆದರೆ ಇವೆಲ್ಲ ಚುನಾವಣೆಗೆ ಕೇಳುವ ಪ್ರಶ್ನೆಗಳು ಎಂಬುದನ್ನು ಗಮನಿಸಬೇಕು. ಪಕ್ಷದ ಠರಾವು ಚರ್ಚಿಸುವ ಸಭೆಗೆ ಬಾರದವನು ತನ್ನ ಮತದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಆಯ್ಕೆ ಅಲ್ಲೇ ನಡೆಯುವುದಾದರೆ, ಬಾರದವನು ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ಲೆಕ್ಕದ ಗೊಂದಲವೂ ಸಭೆಗೆ ಚುನಾವಣೆಯ ಕೆಲಸ ಹೊರಿಸಿದ್ದರಿಂದಲೇ ಹುಟ್ಟಿತು. 2012ರ ರಿಪಬ್ಲಿಕನ್ ಕಾಕಸ್‌ನಲ್ಲಿ ಮಿಟ್ ರಾಮ್ನಿ ಎಂಟು ಮತಗಳಿಂದ ಮುಂದಿದ್ದಾರೆಂದು ಅಂದು ರಾತ್ರಿ ಘೋಷಿಸಲಾಯಿತು. ಎರಡು ವಾರದ ಬಳಿಕ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದೆ ಬಂದರು, ಎಂಟು ಸಭೆಗಳ ದಾಖಲೆ ಸಿಗಲೇ ಇಲ್ಲ. 2016ರಲ್ಲಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವಿನ ಅಂತರ ಕೂದಲೆಳೆಯಷ್ಟಿತ್ತು. ಪಾರದರ್ಶಕತೆಯ ಒತ್ತಾಯಕ್ಕೆ ಮಣಿದ ಡೆಮಾಕ್ರಟಿಕ್ ಪಕ್ಷ 2020ರಲ್ಲಿ ಮೊದಲ ಸುತ್ತಿನ ತಲೆ ಎಣಿಕೆ, ಕೊನೆಯ ಸುತ್ತಿನ ಎಣಿಕೆ, ಪ್ರತಿನಿಧಿಗಳ ಪಾಲು ಎಂಬ ಮೂರು ಲೆಕ್ಕಗಳನ್ನು ಪ್ರಕಟಿಸಿತು. ಆ್ಯಪ್ ಕೆಟ್ಟು ಫಲಿತಾಂಶ ತಡವಾದದ್ದು ಒಂದು ಕಡೆ. ಹಲವು ಸಭೆಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗದ್ದು ಇನ್ನೊಂದು ಕಡೆ. ಪ್ರತಿನಿಧಿಗಳ ಲೆಕ್ಕದಲ್ಲಿ ಪೀಟ್ ಬುಟಿಜೆಜ್, ತಲೆ ಲೆಕ್ಕದಲ್ಲಿ ಸ್ಯಾಂಡರ್ಸ್ ಮುಂದಿದ್ದರು. ಅಸೋಸಿಯೇಟೆಡ್ ಪ್ರೆಸ್ ವಿಜೇತರನ್ನು ಘೋಷಿಸಲೇ ಇಲ್ಲ. ಆ್ಯಪ್ ಸರಿಯಾಗಿದ್ದರೂ ಈ ಎರಡು ಉತ್ತರಗಳು ಒಂದಾಗುತ್ತಿರಲಿಲ್ಲ. ಸ್ವಯಂಸೇವಕರು ಕೈಯಲ್ಲಿ ಕೂಡಿ ಕಳೆಯುವ ಸಭೆಯಿಂದ ಚುನಾವಣಾ ಆಯೋಗದ ನಿಖರತೆ ಬಯಸಿದ್ದೇ ಅನ್ಯಾಯ.

ಕೊನೆಗೆ ಡೆಮಾಕ್ರಟಿಕ್ ಪಕ್ಷ 2024ರ ಸ್ಪರ್ಧೆಗೆ ಅಯೋವಾದ ಮೊದಲ ಸ್ಥಾನವನ್ನು ತೆಗೆದುಹಾಕಿತು. ಅಲ್ಲಿನ ಡೆಮಾಕ್ರಟರು ಅಂಚೆಯಲ್ಲಿ ಆಯ್ಕೆ ತಿಳಿಸಿದರು. ಜನವರಿಯ ಸಭೆಗೆ ಪಕ್ಷದ ಸ್ಥಳೀಯ ಕೆಲಸ ಮಾತ್ರ ಉಳಿಯಿತು. ಇದನ್ನು ಸಂಪ್ರದಾಯದ ಅಂತ್ಯವೆಂದು ಮರುಗುವವರಿದ್ದಾರೆ. ಎರಡನೆಯ ಆಯ್ಕೆ ಕೇಳುವ ಒಳ್ಳೆಯ ಗುಣವೂ ಹೋಯಿತೆಂದು ಅವರ ದೂರು. ಆದರೆ 2020ರಲ್ಲೇ ಅಲಾಸ್ಕಾ, ಕ್ಯಾನ್ಸಸ್, ಹವಾಯಿಗಳ ಡೆಮಾಕ್ರಟರು ಕಾಕಸ್ ಬಿಟ್ಟು, ಮತಪತ್ರದಲ್ಲೇ ಆದ್ಯತೆಯ ಕ್ರಮ ಬರೆಯುವ ದಾರಿ ಹಿಡಿದಿದ್ದರು. ಎರಡನೆಯ ಆಯ್ಕೆಯನ್ನು ಗುಪ್ತ ಮತದಾನದಲ್ಲೂ ಉಳಿಸಬಹುದೆಂದು ಅದರಿಂದ ತಿಳಿಯಿತು. ಮತಪತ್ರ ಕೊಡಲಾರದ್ದು ನೆರೆಯವರ ಎದುರುಬದುರು ವಾದವೊಂದೇ, ಅದಕ್ಕೆ ಸಭೆಯೇ ಬೇಕು. ಎಣಿಕೆ ಎಲ್ಲರಿಗೂ ಎಟುಕಬೇಕು, ಗುಟ್ಟಾಗಿರಬೇಕು, ನಿಖರವಾಗಿರಬೇಕು. ಚರ್ಚೆ ಬಹಿರಂಗವಾಗಿರಬೇಕು, ನಿಧಾನವಾಗಿರಬೇಕು, ಮನಸ್ಸು ಬದಲಿಸಲು ಎಡೆ ಕೊಡಬೇಕು. ಎರಡನ್ನೂ ಒಂದೇ ಸಂಜೆ ಒಂದೇ ಕೋಣೆಯಲ್ಲಿ ಮಾಡಲು ಹೋದಾಗ ಎರಡೂ ಕೆಡುತ್ತವೆ. ಅಯೋವಾದ ಡೆಮಾಕ್ರಟರು ಕಳೆದುಕೊಂಡಿರುವುದು ಸಭೆಗೆ ಒಗ್ಗದ ಹೊರೆಯನ್ನು. ಆ ಸಭೆಗಳನ್ನು ಸಭೆಗಳಾಗಿಯೇ ಜೀವಂತವಾಗಿಟ್ಟುಕೊಳ್ಳುವ ಹೊಣೆ ಇನ್ನು ಅಲ್ಲಿನ ಪಕ್ಷಗಳದ್ದು.